ಹದಿನೇಳನೆಯ ಖಾನೆ

ಒಬ್ಬನೇ ಲಾರಿ ಓಡಿಸಲು ಶುರುಮಾಡಿ ಎಂಟು ತಿಂಗಳಿಗೆ ನಾನು ಗುರುವಾದೆ. ಡಿಪೋದ ಹಳೇ ಡ್ರೈವರುಗಳು ನನ್ನನ್ನು ಎಂಟು ತಿಂಗಳಿಗೇ ಹುಟ್ಟಿದ ಗುರು ಎಂದು ಕರೆದು ನಗುತ್ತಿದ್ದರು. ನಾನೂ ಹಲ್ಲು ಕಿಸಿಯುತ್ತಿದ್ದೆ. ಅವರದು ಬರೀ ಹೊಟ್ಟೆಯುರಿ ಎಂದುಕೊಂಡು ಒಳಗೊಳಗೇ ಬೀಗುತ್ತಲೂ ಇದ್ದೆ. ಇಪ್ಪತ್ತು ವರ್ಷ ಸ್ಟೇರಿಂಗ್ ತಿರುಗಿಸಿದ ಒಬ್ಬನೂ ಹೊಸಬರಿಗೆ ಕಲಿಸಲು ಒಪ್ಪುತ್ತಿರಲಿಲ್ಲ. "ಗೇರ್ ಯಾವುದು ಗ್ಲಾಸ್ ಯಾವುದು ಗೊತ್ತಿಲ್ದೋನ ಕೈಗೆ ನನ್ ಜೀವ ಕೊಡೋಕೆ ನನಗೇನು ತಲೆ ಕೆಟ್ಟಿದ್ಯಾ?" ಅನ್ನುತ್ತಿದ್ದರು. ಹಾಗಾಗಿ ಕಂಪನಿ ನಮ್ಮಂಥವರ ಹೆಗಲ ಮೇಲೆ ಕೈ ಹಾಕಿತು.

ಒಬ್ಬನೇ ಇದ್ದರೆ ತಾನು ಓಡಿಸಿದ ದೂರಕ್ಕೆ ಮಾತ್ರ ದುಡ್ಡು. ಕಲಿಯುವವನೊಬ್ಬನನ್ನು ಜೊತೆಗಿಟ್ಟುಕೊಂಡರೆ ಲಾರಿ ಓಡಿದ ಅಷ್ಟೂ ದೂರ ಕಲಿಸುವವನದ್ದೇ, ಯಾರು ಓಡಿಸಿದರೂ ಸರಿ. ಅವನು ಓಡಿಸುವಾಗ ಪಕ್ಕದಲ್ಲಿ ಕಣ್ಣು ಬಿಟ್ಟುಕೊಂಡು ಕೂತಿರಬೇಕು ಎಂದು ನಿಯಮವೇನೋ ಇತ್ತು. ಹಾಗೆ ಕೂತರೆ ತನ್ನ ಸರದಿ ಬರುವ ಹೊತ್ತಿಗೆ ಕಣ್ಣು ಎಳೆಯುತ್ತದೆ, ಲಾರಿ ನಿಲ್ಲಿಸಬೇಕಾಗುತ್ತದೆ. ನಿಂತ ಲಾರಿಗೆ ಯಾರು ಕಾಸು ಕೊಡುತ್ತಾರೆ? ಆದ್ದರಿಂದ ಒಬ್ಬ ಓಡಿಸುವುದು, ಇನ್ನೊಬ್ಬ ಸೀಟಿನ ಹಿಂದಿನ ಹಲಗೆಯ ಮೇಲೆ ಕಾಲು ಮಡಚಿ ಮಲಗುವುದು. ಇದು ಎಲ್ಲರಿಗೂ ಗೊತ್ತಿತ್ತು, ಕಂಪನಿಗೂ ಗೊತ್ತಿತ್ತು. ಆರು ವಾರವಾದ ಮೇಲೆ ಕಲಿಸಿದವನು ಒಂದು ಹಳದಿ ಹಾಳೆ ತುಂಬಿ ಸಹಿ ಹಾಕಿದರೆ ಹೊಸಬನ ಕೈಗೆ ಬೇರೆ ಲಾರಿ ಸಿಗುತ್ತಿತ್ತು.

ಆ ಹಾಳೆಯಲ್ಲಿ ಇಪ್ಪತ್ತೆರಡು ಖಾನೆಗಳಿದ್ದವು. ಹಿಂದಕ್ಕೆ ತೆಗೆಯುವುದು, ಕಿರಿದಾದ ಬೀದಿಯಲ್ಲಿ ತಿರುಗಿಸುವುದು, ಟೈರಿನ ಗಾಳಿ ನೋಡುವುದು, ಹಗ್ಗ ಬಿಗಿಯುವುದು, ಇಂಥವು. ಹದಿನೇಳನೆಯದು ‘ಲೋಡು ಸಮೇತ ಉದ್ದ ಇಳಿಜಾರು’.

ನನಗೆ ಕಲಿಸಿದವನನ್ನು ಡಿಪೋದಲ್ಲಿ ಗೊರಕೆ ಎಂದೇ ಕರೆಯುತ್ತಿದ್ದರು. ನಮ್ಮ ದಾರಿ ಬಂದರಿನಿಂದ ಬೆಟ್ಟ ಹತ್ತಿ ಮೇಲಿನ ಊರುಗಳಿಗೆ. ಹತ್ತುವಾಗ ಎಣ್ಣೆ ತುಂಬಿದ ಡ್ರಮ್ಮುಗಳು, ಇಳಿಯುವಾಗ ಖಾಲಿ ಡ್ರಮ್ಮುಗಳು. ಹತ್ತುವಾಗ ಗೊರಕೆ ಲಾರಿಯನ್ನು ನನ್ನ ಕೈಗೆ ಕೊಟ್ಟು ಮಲಗುತ್ತಿದ್ದ. ಇಳಿಯುವಾಗ ತಾನೇ ಓಡಿಸುತ್ತಿದ್ದ, ನಾನು ಮಲಗುತ್ತಿದ್ದೆ. ಅಂದರೆ ಆ ಇಳಿಜಾರನ್ನು ನಾನು ಕಲಿತದ್ದು ನಿದ್ದೆಯಲ್ಲಿ. ಕೊನೆಯ ದಿನ ಅವನು ಹಳದಿ ಹಾಳೆಯನ್ನು ಲಾರಿಯ ಮೆಟ್ಟಿಲ ಮೇಲಿಟ್ಟುಕೊಂಡು ಒಂದೇ ಉಸಿರಿಗೆ ಮೇಲಿನಿಂದ ಕೆಳಗಿನವರೆಗೆ ಟಿಕ್ ಹಾಕಿದ. ಹದಿನೇಳನೆಯದರ ಹತ್ತಿರ ಪೆನ್ನು ತಡವರಿಸಲಿಲ್ಲ. ನಾನೂ ತಡೆಯಲಿಲ್ಲ. ಆಮೇಲೆ ಒಬ್ಬನೇ ಖಾಲಿ ಡ್ರಮ್ಮು ಹೊತ್ತು ಇಳಿಯುವಾಗ ಹೇಗೋ ಇಳಿದೆ. ಜೋರಾಯಿತು ಅನ್ನಿಸಿದಾಗ ಗೇರು ಇಳಿಸುವುದು, ಸಾಲದಿದ್ದರೆ ಬ್ರೇಕು ಒತ್ತುವುದು. ಏನೂ ಆಗಲಿಲ್ಲ. ಏನೂ ಆಗದೇ ಇದ್ದದ್ದನ್ನೇ ನಾನು ವಿದ್ಯೆ ಎಂದುಕೊಂಡೆ.

ನನಗೆ ಹೆಚ್ಚಿನ ಸಂಪಾದನೆ ಬೇಕಿತ್ತು. ನಾವು ನನ್ನ ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿದ್ದೆವು. ಅಲ್ಲಿಗೆ ಹೋಗಬೇಕಾದರೆ ಅವರ ಅಡುಗೆಮನೆಯನ್ನು ದಾಟಬೇಕು. ಭಾವ ಕೆಟ್ಟವನಲ್ಲ, ಆದರೆ ನಾವು ದಾಟುವಾಗಲೆಲ್ಲ ತಟ್ಟೆಯಿಂದ ಕಣ್ಣೆತ್ತಿ ನೋಡುತ್ತಿದ್ದ. ಒಂದು ಮಾತೂ ಆಡುತ್ತಿರಲಿಲ್ಲ. ಆಡಿದ್ದರೆ ಜಗಳವಾದರೂ ಆಡಬಹುದಿತ್ತು. ನನ್ನ ಹೆಂಡತಿ ಮಗಳ ಶೂ ಬಿಚ್ಚಿಸಿ ಕೈಯಲ್ಲಿ ಹಿಡಿದುಕೊಂಡು ಕಳ್ಳಿಯ ಹಾಗೆ ದಾಟುತ್ತಿದ್ದಳು.

"ರೀ, ನಮ್ದೂ ಅಂತ ಒಂದು ಬಾಗ್ಲು ಬೇಕು ಕಣ್ರೀ," ಅನ್ನುತ್ತಿದ್ದಳು. "ಮನೆ ಎಷ್ಟು ಚಿಕ್ಕದಾದ್ರೂ ಇರ್ಲಿ. ಬೀದಿಗೆ ತೆಗೆಯೋ ಬಾಗ್ಲು."

ಇಬ್ಬರು ಶಿಷ್ಯರನ್ನು ದಾಟಿಸಿದರೆ ಆ ಬಾಗಿಲು ಬರುತ್ತದೆ ಎಂದು ಅಂದಾಜು ಹಾಕಿದ್ದೆ. ಎರಡನೆಯ ಶಿಷ್ಯನಾಗಿ ಬಂದವರೇ ಟೈಲರ್.

ಅವರಿಗೆ ಐವತ್ತೆರಡು, ನನಗೆ ಇಪ್ಪತ್ತೊಂಬತ್ತು. ಮೂವತ್ತೊಂದು ವರ್ಷ ಒಂದೇ ಅಂಗಡಿಯಲ್ಲಿ ಕೂತು ಶರ್ಟು, ಪ್ಯಾಂಟು ಹೊಲಿದವರು. ರೆಡಿಮೇಡ್ ಬಂದ ಮೇಲೆ ಅವರ ಅಂಗಡಿಗೆ ಬರುತ್ತಿದ್ದವರು ಜಿಪ್ಪು ಬದಲಿಸುವವರು, ಪ್ಯಾಂಟಿನ ಕಾಲು ಗಿಡ್ಡ ಮಾಡಿಸುವವರು ಅಷ್ಟೆ. ಕೊನೆಗೆ ಅವರೂ ಬರುವುದನ್ನು ಬಿಟ್ಟರು. ಮೊದಲ ದಿನ ಡಿಪೋಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದರು. ಆ ಗ್ರೀಸಿನ ಅಂಗಳದಲ್ಲಿ ಅಂಥ ಶರ್ಟನ್ನು ನಾನು ನೋಡಿದ್ದೇ ಇಲ್ಲ. ಕಿವಿಯ ಮೇಲೆ ಪೆನ್ಸಿಲ್ಲು, ಕಂಕುಳಲ್ಲಿ ಉದ್ದನೆಯ ಅಳತೆ ಪುಸ್ತಕ.

"ನಮಸ್ಕಾರ ಗುರುಗಳೇ," ಅಂದರು.

ಟೀ ಕುಡಿಯುತ್ತಿದ್ದ ಹಳೇ ಡ್ರೈವರೊಬ್ಬ ಟೀಯನ್ನು ಮೂಗಿಗೇರಿಸಿಕೊಂಡು ಕೆಮ್ಮಿದ.

"ಗುರು ಗಿರು ಅನ್ಬೇಡಿ ಯಜಮಾನ್ರೇ. ನೀವು ನಮ್ಮಪ್ಪನ ವಯಸ್ಸಿನೋರು."

"ಕೆಲಸ ಹೇಳ್ಕೊಡೋರಿಗೆ ವಯಸ್ಸೆಲ್ಲಿದೆ? ನಂಗೆ ಕತ್ತರಿ ಹಿಡಿಯೋದು ಕಲಿಸ್ದೋನು ನನಗಿಂತ ಎರಡು ವರ್ಷ ಚಿಕ್ಕೋನು. ಅವನು ಇರೋ ತನಕ ನಾನು ಅವನನ್ನ ಏಕವಚನದಲ್ಲಿ ಕರೀಲಿಲ್ಲ."

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ, ಆದರೆ ಅವರು ನಿಜವಾಗಿಯೇ ಅನ್ನುತ್ತಿದ್ದರು. ಅವರ ಪುಸ್ತಕದ ಮೊದಲರ್ಧದಲ್ಲಿ ಗಿರಾಕಿಗಳ ಎದೆ, ಸೊಂಟ, ತೋಳು ಇದ್ದವು. ಉಳಿದ ಖಾಲಿ ಹಾಳೆಗಳಲ್ಲಿ ಲಾರಿಯನ್ನು ಬರೆಯತೊಡಗಿದರು. ನಾನು ಬಾಯಿಗೆ ಬಂದಂತೆ ಹೇಳಿದ್ದನ್ನೂ ದುಂಡಗಿನ ಅಕ್ಷರದಲ್ಲಿ ಬರೆದು, ಪಕ್ಕಕ್ಕೆ ತಾರೀಕು ಹಾಕಿ, ಆಮೇಲೆ ನನಗೆ ಓದಿ ಹೇಳುತ್ತಿದ್ದರು. "ಸರಿ ಇದ್ಯಾ ಗುರುಗಳೇ?" ನಾನು ಸರಿ ಅಂದ ಮೇಲೆಯೇ ಪುಸ್ತಕ ಮುಚ್ಚುವುದು.

"ಇದೇನು ಯಜಮಾನ್ರೇ, ಶಾಲೆ ಮಕ್ಕಳ ಥರ?" ಎಂದು ಒಂದು ಸಲ ರೇಗಿಸಿದೆ.

"ಅಭ್ಯಾಸ ಗುರುಗಳೇ. ಅಳತೆ ತಗೊಂಡ್ಮೇಲೆ ಗಿರಾಕಿಗೆ ಓದಿ ಹೇಳ್ಬೇಕು. ಬಟ್ಟೆ ಕತ್ತರಿಸಿದ್ಮೇಲೆ ಏನು ಹೇಳಿ ಏನು ಪ್ರಯೋಜನ?"

ಕಲಿಯುವುದರಲ್ಲಿ ಅವರು ನಿಧಾನ, ಆದರೆ ಕಲಿತದ್ದು ಕಲಿತ ಹಾಗೆ. ಹಿಂದಕ್ಕೆ ತೆಗೆಯುವಾಗ ಕನ್ನಡಿ ನೋಡಿ, "ಗೋಡೆಗೆ ಹನ್ನೊಂದು ಇಂಚಿದೆ," ಅನ್ನುತ್ತಿದ್ದರು. ಇಳಿದು ನೋಡಿದರೆ ಒಂದಿಂಚು ಆಚೀಚೆ ಇರುತ್ತಿತ್ತು ಅಷ್ಟೆ. ನಾಲ್ಕನೆಯ ವಾರಕ್ಕೆ ನಾನು ನಿಶ್ಚಿಂತೆಯಿಂದ ಹಲಗೆಯ ಮೇಲೆ ಬಿದ್ದುಕೊಳ್ಳತೊಡಗಿದೆ.

ಆ ವಾರದ ಒಂದು ಮಧ್ಯಾಹ್ನ, ಬೆಟ್ಟದ ಮೇಲಿನ ಊರಿನಲ್ಲಿ ಊಟ ಮುಗಿಸಿ ಖಾಲಿ ಡ್ರಮ್ಮು ಏರಿಸಿಕೊಂಡು ಹೊರಟೆವು. ನಾನು ಓಡಿಸಬೇಕಿತ್ತು. ಹೊಟ್ಟೆ ತುಂಬಿತ್ತು, ಕಣ್ಣು ಭಾರವಾಗಿತ್ತು. "ನೀವೇ ಇಳಿಸಿ ಯಜಮಾನ್ರೇ, ನಾನು ಇಲ್ಲೇ ಇರ್ತೀನಿ," ಎಂದು ಹೇಳಿ ಹಲಗೆ ಹತ್ತಿದೆ. ಎಚ್ಚರವಾದದ್ದು ವಾಸನೆಗೆ. ರಬ್ಬರೂ ಅಲ್ಲದ, ಕಬ್ಬಿಣವೂ ಅಲ್ಲದ ಸುಟ್ಟ ನಾತ. ಲಾರಿ ಇಳಿಜಾರಿನ ಬುಡದಲ್ಲಿ ರಸ್ತೆ ಅಗಲವಾಗುವ ಕಡೆ ನಿಂತಿತ್ತು. ಹಿಂದಿನ ಚಕ್ರಗಳಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಟೈಲರ್ ಕೆಳಗೆ ಕಲ್ಲಿನ ಮೇಲೆ ಕೂತಿದ್ದರು. ಇಸ್ತ್ರಿ ಮಾಡಿದ ಶರ್ಟು ಬೆನ್ನಿಗೆ ಅಂಟಿಕೊಂಡಿತ್ತು.

"ಬ್ರೇಕು ಕೊನೆಗೆ ಮೆತ್ತಗಾಗ್ಬಿಡ್ತು ಗುರುಗಳೇ. ಒತ್ತಿದ್ರೆ ಒಳಗೆ ಹೋಗ್ತಿತ್ತು. ನಿಮ್ಮನ್ನ ಕೂಗಿದೆ. ಕೇಳಿಸ್ಲಿಲ್ಲ ಅನ್ಸತ್ತೆ."

ನಾನು ಕೆಳಗಿಳಿದೆ. ಚಕ್ರದ ಹತ್ತಿರ ಬಗ್ಗಿ ಏನೋ ಪರೀಕ್ಷೆ ಮಾಡುವವನ ಹಾಗೆ ನೋಡಿದೆ. ಅವರು ಪುಸ್ತಕ ತೆಗೆದರು. ಕೈ ನಡುಗುತ್ತಿತ್ತು, ಪೆನ್ಸಿಲ್ಲು ಒಮ್ಮೆ ಕೆಳಗೆ ಬಿತ್ತು.

"ಗೇರು ಯಾವಾಗ ಇಳಿಸ್ಬೇಕಿತ್ತು ಗುರುಗಳೇ? ಮೇಲೆ, ಇಳಿಯೋಕೆ ಮುಂಚೇನೇನಾ? ಇಲ್ಲ ನಡುವೆನಾ?"

ಗೊತ್ತಿಲ್ಲ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಒಂದೇ ಒಂದು ಮಾತು. ಅದನ್ನು ಆಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅಪ್ಪನ ವಯಸ್ಸಿನ ಮನುಷ್ಯ ಪೆನ್ಸಿಲ್ಲು ಹಿಡಿದು ಬಾಯಿ ನೋಡುತ್ತ ಕೂತಾಗ ನನ್ನ ನಾಲಿಗೆ ಆ ಮಾತಿಗೆ ಹೊರಳಲಿಲ್ಲ. ಮೇಲಾಗಿ ನಾನು ಮಲಗಿದ್ದೆ. ಮಲಗಿದ್ದವನಿಗೆ ದಬಾಯಿಸುವುದೇ ಸುಲಭ.

"ಸ್ಪೀಡು ಜಾಸ್ತಿ ಆಯ್ತು ಅನ್ಸಿದಾಗ ಇಳಿಸ್ಬೇಕು. ಮೇಲಿಂದ್ಲೇ ಸಣ್ಣ ಗೇರಲ್ಲಿ ಬಂದ್ರೆ ಸಂಜೆ ಆದ್ರೂ ಕೆಳಗೆ ಮುಟ್ಟಲ್ಲ ಯಜಮಾನ್ರೇ. ನೀವು ಇಳಿಸೋದು ತಡ ಮಾಡಿದ್ರಿ, ಅಷ್ಟೇ."

ಅವರು ಬರೆದುಕೊಂಡರು. ತಾರೀಕು ಹಾಕಿದರು. ಆಮೇಲೆ ಓದಿದರು: "‘ಉದ್ದ ಇಳಿಜಾರು. ಮೇಲೆಯೇ ಗೇರು ಇಳಿಸುವುದು ಬೇಡ. ನಡುವೆ, ವೇಗ ಹೆಚ್ಚಿತು ಅನ್ನಿಸಿದಾಗ ಇಳಿಸುವುದು.’ ಸರಿ ಇದ್ಯಾ ಗುರುಗಳೇ?"

"ಸರಿ ಇದೆ," ಅಂದೆ.

ಎರಡು ವಾರದ ಮೇಲೆ ಹಳದಿ ಹಾಳೆ ತುಂಬುವಾಗ ಅವರೇ ಬೆರಳಿಟ್ಟು ತೋರಿಸಿದರು. "ಇಲ್ಲಿ ಲೋಡು ಸಮೇತ ಅಂತಿದೆ. ನಾವು ಖಾಲಿ ಇಳಿದಿದ್ದಲ್ವಾ?"

"ಡ್ರಮ್ಮೇನು ಗಾಳೀಲಿ ತೇಲ್ತಿತ್ತಾ? ಅದೂ ಲೋಡೇ," ಅಂದೆ. ಅವರು ನಕ್ಕರು, ನಾನೂ ನಕ್ಕೆ. ಟಿಕ್ ಹಾಕಿ ಸಹಿ ಮಾಡಿದೆ.

ಅವರ ಮನೆ ಬೆಟ್ಟದ ಮೇಲಿನ ಊರಿನಲ್ಲಿ. ಅಲ್ಲಿನ ಡಿಪೋಗೇ ಹಾಕಿಸಿಕೊಂಡರು. ಅಂಗಡಿಗಳಿಗೆ ಸಿಮೆಂಟು ಹಂಚುವ ಕೆಲಸ, ದಾರಿಯೆಲ್ಲ ಸಮತಟ್ಟು. ನನಗೆ ಬಾಗಿಲು ಸಿಕ್ಕಿತು. ಎರಡು ಕೋಣೆಯ ಮನೆ, ಮಳಿಗೆಗಳ ಸಾಲಿನ ಹಿಂದೆ, ಬೀದಿಗೆ ತೆರೆಯುವ ಹಸಿರು ಬಾಗಿಲು. ನನ್ನ ಹೆಂಡತಿ ಮೊದಲ ದಿನ ಅದನ್ನು ನಾಲ್ಕು ಸಲ ಸುಮ್ಮನೆ ತೆಗೆದು ಮುಚ್ಚಿದಳು. ಸುದ್ದಿ ತಿಳಿದು ಟೈಲರ್ ಫೋನು ಮಾಡಿದರು. ಬಾಗಿಲಿನ ಉದ್ದಗಲ ಕೇಳಿ, ಬರೆದುಕೊಂಡು, ಫೋನಿನಲ್ಲೇ ಓದಿ ಹೇಳಿದರು. ಹದಿನೈದು ದಿನಕ್ಕೆ ಡಿಪೋದ ಲಾರಿಯಲ್ಲಿ ಒಂದು ಪರದೆ ಬಂತು. ನೆಲಕ್ಕೆ ಒಂದು ಬೆರಳು ಬಿಟ್ಟು ಸರಿಯಾಗಿ ಕೂತಿತು. "ಎಂಥ ಕೈಯಪ್ಪ ಇದು," ಎಂದು ಹೆಂಡತಿ ಹೊಲಿಗೆಯನ್ನು ಮುಟ್ಟಿ ಮುಟ್ಟಿ ನೋಡಿದಳು.

ಅದಾಗಿ ಏಳೆಂಟು ತಿಂಗಳಿಗೆ ನನ್ನ ಲಾರಿ ವರ್ಕ್‌ಶಾಪಿಗೆ ಹೋಯಿತು. ಅಲ್ಲಿನ ಮೇಸ್ತ್ರಿಗೆ ಬಾಯಿ ತೆರೆದರೆ ಬೈಗುಳವೇ ಬರುವುದು, ಆದರೆ ಕೈ ಚಿನ್ನದಂಥದ್ದು. ಚಕ್ರ ಬಿಚ್ಚಿ ನನ್ನನ್ನು ಕರೆದ.

"ಇದನ್ನ ಓಡಿಸೋ ಮಹಾನುಭಾವ ಯಾರು?"

"ನಾನೇ."

"ಬ್ರೇಕ್ ಡ್ರಮ್ ನೋಡು. ನೀಲಿಗೆ ತಿರುಗಿದೆ. ಬ್ರೇಕನ್ನ ಹಿಂಗೆ ಹುರಿಯೋಕೆ ಇದೇನು ಬಾಣಲೆನಾ? ಇಳಿಜಾರಲ್ಲಿ ಗೇರು ಎಲ್ಲಿ ಇಳಿಸ್ತೀಯ?"

"ನಡುವೆ. ಜೋರಾದಾಗ."

ಅವನು ಬೈಯಲಿಲ್ಲ. ಅದೇ ನನಗೆ ಮೊದಲು ಹೆದರಿಕೆ ಹುಟ್ಟಿಸಿದ್ದು. ಸ್ಪ್ಯಾನರ್ ಕೆಳಗಿಟ್ಟು, ಕೈ ಒರೆಸಿಕೊಂಡು, ಮಗುವಿಗೆ ಹೇಳುವ ಹಾಗೆ ಹೇಳಿದ. "ಮೇಲೆ, ಇಳಿಯೋಕೆ ಶುರು ಮಾಡೋಕೆ ಮುಂಚೆ ಗೇರು ಇಳಿಸ್ಬೇಕು. ಕೆಳಗೆ ಬರೋ ತನಕ ಅದನ್ನ ಮುಟ್ಟೋ ಹಾಗಿಲ್ಲ. ಭಾರ ತುಂಬಿದ ಲಾರಿ ಅರ್ಧ ದಾರೀಲಿ ತಳ್ತಾ ಇರುವಾಗ ಗೇರು ತೆಗೆದ್ಯೋ, ಅದು ಮತ್ತೆ ಯಾವ ಗೇರಿಗೂ ಕೂರಲ್ಲ. ಇಂಜಿನ್ನು ಒಂದು ಕಡೆ, ಚಕ್ರ ಒಂದು ಕಡೆ. ಉಳಿಯೋದು ಬ್ರೇಕು ಒಂದೇ. ಅದು ಎರಡು ತಿರುವಿಗೆ ಸುಟ್ಟು ಹೋಗತ್ತೆ. ನೀನು ಖಾಲಿ ಡ್ರಮ್ಮು ತರ್ತೀಯ, ಅದಕ್ಕೆ ನನ್ನೆದುರು ನಿಂತು ಮಾತಾಡ್ತಿದೀಯ. ಯಾವ ಪುಣ್ಯಾತ್ಮ ನಿಂಗೆ ಕಲಿಸ್ದೋನು?"

ನನ್ನ ಕಣ್ಣ ಮುಂದೆ ಬಂದದ್ದು ಗೊರಕೆಯ ಮುಖವಲ್ಲ, ದುಂಡಗಿನ ಅಕ್ಷರ. ಪಕ್ಕದಲ್ಲಿ ತಾರೀಕು.

ಮಾರನೆಯ ಬೆಳಿಗ್ಗೆ ಡಿಪೋದ ಟೈರು ರಾಶಿಯ ಹಿಂದೆ ನಿಂತು ಟೈಲರಿಗೆ ಫೋನು ಮಾಡಿದೆ. ಹೇಳಿಬಿಡಬೇಕು ಎಂದೇ ಮಾಡಿದ್ದು. ಇದನ್ನು ಯಾರೂ ನಂಬದಿದ್ದರೂ ನಾನು ಆಣೆ ಇಟ್ಟು ಹೇಳುತ್ತೇನೆ.

"ಅಯ್ಯೋ ಗುರುಗಳೇ, ನಾನೇ ಮಾಡೋಣ ಅಂತಿದ್ದೆ!" ಅಂದರು. "ನಂಗೂ ಬ್ಯಾಡ್ಜು ಬಂತು. ನಾನೂ ಕಲಿಸ್ಬಹುದಂತೆ. ನಮ್ಮ ಅಳಿಯನ್ನೇ ಶಿಷ್ಯನ್ನ ಮಾಡ್ಕೊಂಡಿದೀನಿ. ಮಿಲ್ಲು ಮುಚ್ಚಿ ಮನೇಲಿ ಕೂತಿದ್ದ ಪಾಪ. ಇನ್ನು ನಾನು ಹೆಚ್ಚಿಗೆ ತರೋದೂ ಮಗಳ ಮನೆಗೇ ಹೋಗತ್ತೆ. ಇಬ್ಬರು ಇರೋ ಲಾರಿಗೆ ದೂರದ ದಾರಿ ಕೊಡ್ತಾರಲ್ಲ, ಬರೋ ವಾರದಿಂದ ಸಿಮೆಂಟು ತುಂಬ್ಕೊಂಡು ನಿಮ್ಮ ಬಂದರಿಗೇ ಇಳೀತೀವಿ."

ಹೇಳಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಆ ಮನುಷ್ಯ ತಪ್ಪನ್ನು ತಿದ್ದಿಕೊಂಡು ಸುಮ್ಮನಿರುವವರಲ್ಲ. ತಾವೇ ಕಂಪನಿಯ ತರಬೇತಿ ನೋಡಿಕೊಳ್ಳುವ ಸಾಹೇಬರ ಹತ್ತಿರ ಹೋಗಿ, ನನ್ನ ಹದಿನೇಳನೆಯ ಖಾನೆ ಸರಿ ಇಲ್ಲ, ಮತ್ತೆ ಕಲಿಸಿ ಅನ್ನುತ್ತಾರೆ. ನನ್ನ ಬ್ಯಾಡ್ಜು ಹೋಗುತ್ತದೆ, ಬ್ಯಾಡ್ಜಿನ ಹಿಂದೆ ಹಸಿರು ಬಾಗಿಲು. ಮತ್ತೆ ಭಾವನ ಅಡುಗೆಮನೆ, ಕೈಯಲ್ಲಿ ಮಗಳ ಶೂ. ಇದೆಲ್ಲ ನಿಜ. ಆದರೆ ಅದಕ್ಕಿಂತ ದೊಡ್ಡ ನಿಜ ಬೇರೆ. ಅವರು ಇನ್ನೊಮ್ಮೆ ನನ್ನನ್ನು ಗುರುಗಳೇ ಎಂದು ಕರೆಯುವುದಿಲ್ಲವಲ್ಲ ಎಂದು ಅಳುಕಾಯಿತು. ಇಪ್ಪತ್ತೊಂಬತ್ತು ವರ್ಷದಲ್ಲಿ ನನ್ನನ್ನು ಹಾಗೆ ಕರೆದವರು ಬೇರೆ ಯಾರೂ ಇರಲಿಲ್ಲ.

ಕೊನೆಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದು ಮಾತಾಡಿದೆ. "ಬೆಟ್ಟದ ದಾರಿ ಹುಷಾರು ಯಜಮಾನ್ರೇ."

"ನೀವು ಹೇಳ್ಕೊಟ್ಟಿದ್ದು ಬುಕ್ಕಲ್ಲಿದೆಯಲ್ಲ ಗುರುಗಳೇ," ಅಂದರು. "ಅಳಿಯಂಗೆ ದಿನಾ ಓದಿಸ್ತಿದೀನಿ. ಅವನು ಓಡಿಸುವಾಗ ಪಕ್ಕದಲ್ಲೇ ಕೂತಿರ್ತೀನಿ, ಕಣ್ಣು ಮುಚ್ಚಲ್ಲ."

ಕೊನೆಯ ಮಾತು ಕುಟುಕಲು ಆಡಿದ್ದಲ್ಲ, ಅವರಿಗೆ ಅದು ಬರುತ್ತಿರಲಿಲ್ಲ. ಫೋನಿಟ್ಟ ಮೇಲೆ, ಒಂದು ವಾರ ಇದೆಯಲ್ಲ, ನಾಳೆ ಮಾಡೋಣ ಎಂದುಕೊಂಡೆ. ನಾಳೆಯೂ ಹಾಗೇ ಅಂದುಕೊಂಡೆ. ಒಂದು ದಿನ ಅವರ ಫೋನು ಸಿಗಲಿಲ್ಲ. ಸಿಗದೇ ಹೋದದ್ದಕ್ಕೆ ನನಗೆ ಹಾಯೆನಿಸಿತು. ಈ ಮಾತನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಅನ್ನಿಸಿದ್ದು ಹಾಗೆಯೇ.

ಒಂಬತ್ತನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಅವರ ಲಾರಿ ಬೆಟ್ಟದ ಮೂರನೆಯ ತಿರುವಿನಲ್ಲಿ ಬಂಡೆಗೆ ಹೊಡೆಯಿತು. ಅಳಿಯ ಓಡಿಸುತ್ತಿದ್ದ. ಟೈಲರ್ ಪಕ್ಕದಲ್ಲಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ವೇಗ ಹೆಚ್ಚಿತು ಅನ್ನಿಸಿದಾಗ, "ಈಗ ಇಳಿಸಪ್ಪ," ಅಂದರು. ಅಳಿಯ ಗೇರು ತೆಗೆದ. ಅದು ಮತ್ತೆ ಕೂರಲಿಲ್ಲ. ಹಿಂದಿನಿಂದ ನುಗ್ಗಿದ ಸಿಮೆಂಟಿನ ಚೀಲಗಳು ಓಡಿಸುವವನ ಕಡೆಯನ್ನು ಪೂರಾ ಅಪ್ಪಚ್ಚಿ ಮಾಡಿದವು. ಅಳಿಯನಿಗೆ ಮೂವತ್ತು ತುಂಬಿರಲಿಲ್ಲ. ಟೈಲರಿಗೆ ಸೊಂಟ, ಬಲಗಾಲು ಮುರಿದಿತ್ತು.

ತರಬೇತಿ ಸಾಹೇಬರು ಮೂರು ದಿನದ ಮೇಲೆ ನನ್ನನ್ನು ಕರೆದರು. ಮೇಜಿನ ಮೇಲೆ ನನ್ನ ಸಹಿಯಿದ್ದ ಹಳದಿ ಹಾಳೆ ಇತ್ತು. ನಾನು ಬಾಗಿಲಲ್ಲೇ ನಿಂತೆ.

"ಕೂತ್ಕೋ, ಹೆದರ್ಬೇಡ," ಅಂದರು. "‘ಗುರುಗಳು ಸರಿಯಾಗೇ ಕಲಿಸಿದ್ರು, ನಾನೇ ತಪ್ಪಾಗಿ ಬರ್ಕೊಂಡೆ’ ಅಂತ ಟೈಲರೇ ಹೇಳಿಕೆ ಕೊಟ್ಟಿದಾರೆ. ನಿಂದೇನೂ ಇಲ್ಲ. ಒಂದ್ಸಲ ಹೋಗಿ ನೋಡ್ಕೊಂಡ್ ಬಾ, ಮನುಷ್ಯತ್ವ."

ಆಸ್ಪತ್ರೆ ಬಂದರಿನ ಊರಲ್ಲೇ ಇತ್ತು. ಎರಡನೆಯ ಮಹಡಿ, ಉದ್ದನೆಯ ಕಾರಿಡಾರು, ಕೊನೆಯ ಕೋಣೆ. ಕಾರಿಡಾರಿನ ಬೆಂಚಿನ ಮೇಲೆ ಹೆಣ್ಣುಮಗಳೊಬ್ಬಳು ಗೋಡೆಗೆ ತಲೆ ಆನಿಸಿ ಕೂತಿದ್ದಳು. ನಾನು ಅವಳನ್ನು ದಾಟಿ ಒಳಗೆ ಹೋದೆ. ಟೈಲರ್ ಅವರ ಕಾಲಿಗೆ ತೂಕ ಕಟ್ಟಿ ಇಳಿಬಿಟ್ಟಿದ್ದರು. ಗಡ್ಡ ಬೆಳೆದಿತ್ತು. ಆಸ್ಪತ್ರೆಯ ಅಂಗಿ ಅವರಿಗೆ ಭುಜದಲ್ಲಿ ದೊಡ್ಡದಾಗಿತ್ತು. ನನ್ನನ್ನು ನೋಡಿ ಏಳಲು ನೋಡಿದರು.

"ಮಲಗಿ ಯಜಮಾನ್ರೇ, ಮಲಗಿ."

"ನಿಮ್ಮ ಹೆಸರು ಕೆಡಿಸ್ಬಿಟ್ಟೆ ಗುರುಗಳೇ," ಅಂದರು. ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು. "ಮೇಲೇ ಇಳಿಸ್ಬೇಕಂತೆ. ಸಾಹೇಬ್ರು ಹೇಳಿದ್ರು. ನೀವೂ ಅದನ್ನೇ ಹೇಳಿರ್ತೀರಿ. ನಾನೇ ಅದಲುಬದಲು ಮಾಡ್ಕೊಂಡೆ. ಅವತ್ತು ನನ್ ಕೈ ನಡುಗ್ತಿತ್ತಲ್ಲ, ನೀವು ನೋಡಿದ್ರಲ್ಲ? ಒಂದು ಸಾಲು ತಪ್ಪು ಬರೆದು ಮಗಳ ಗಂಡನ್ನ ಕೊಂದೆ."

ನಾನು ಮಂಚದ ಕಬ್ಬಿಣ ಹಿಡಿದುಕೊಂಡೆ.

"ಅವಳು ಒಳಗೆ ಬರ್ತಿಲ್ಲ ಗುರುಗಳೇ. ಬಾಗಿಲ ತನಕ ಬರ್ತಾಳೆ, ನಿಂತ್ಕೋತಾಳೆ, ಹೋಗ್ತಾಳೆ. ನನ್ನ ಮುಖ ನೋಡೋಕೆ ಆಗ್ತಿಲ್ಲ ಅವಳಿಗೆ. ತಪ್ಪೇನಿಲ್ಲ ಬಿಡಿ. ಆದ್ರೂ ನೀವೊಂದು ಮಾತು ಹೇಳಿ. ನಿಮ್ಮಪ್ಪ ಬೇಕು ಅಂತ ಮಾಡ್ಲಿಲ್ಲ ಅಂತ. ನೀವು ಹೇಳಿದ್ರೆ ಕೇಳ್ತಾಳೆ. ನಾನು ಮನೇಲಿ ನಿಮ್ಮ ಮಾತೇ ಆಡ್ತಿದ್ದೆ."

"ಹೇಳ್ತೀನಿ," ಎಂದು ಹೊರಗೆ ಬಂದೆ.

ಅವಳು ಎದ್ದು ನಿಂತಿದ್ದಳು. ಅಪ್ಪನದೇ ಹಣೆ, ಅಪ್ಪನದೇ ತೆಳ್ಳನೆಯ ಬೆರಳು. ಕೈಯಲ್ಲಿ ಅಳತೆ ಪುಸ್ತಕ ಇತ್ತು, ಅದರ ಒಂದು ಅಂಚಿಗೆ ಒಣಗಿದ ಸಿಮೆಂಟು ಮೆತ್ತಿತ್ತು. ಹಾಳೆ ತೆರೆದು ನನ್ನ ಮುಂದೆ ಹಿಡಿದಳು.

"ನಮ್ಮಪ್ಪಂಗೆ ಕಲಿಸಿದ್ದು ನೀವೇ ಅಲ್ವಾ?"

"ಹೌದಮ್ಮ."

"ಇದು ನೀವು ಹೇಳಿದ್ದಾ? ಇಲ್ಲ ಅವರು ತಪ್ಪಾಗಿ ಬರ್ಕೊಂಡಿದ್ದಾ?"

ಹಾಳೆ ನೋಡಿದೆ. ‘ನಡುವೆ, ವೇಗ ಹೆಚ್ಚಿತು ಅನ್ನಿಸಿದಾಗ.’ ಅದರ ಕೆಳಗೆ ಇನ್ನೊಂದು ಸಾಲು, ಹೊಸ ತಾರೀಕಿನದು: ‘ಗುರುಗಳು ಫೋನಿನಲ್ಲಿ ಹೇಳಿದ್ದು: ಬೆಟ್ಟದ ದಾರಿ ಹುಷಾರು.’ ನನ್ನ ಆ ಕೆಲಸಕ್ಕೆ ಬಾರದ ಮಾತನ್ನೂ ಬರೆದಿಟ್ಟುಕೊಂಡಿದ್ದರು. ಆ ಕ್ಷಣ ನಾನು ಸತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿತು, ನಿಜವಾಗಿಯೂ ಅನ್ನಿಸಿತು. ಆದರೂ ಬಾಯಿಂದ ಬಂದದ್ದು ಬೇರೆ.

"ತಪ್ಪಾಗಿ ಬರ್ಕೊಂಡಿದಾರೆ ಅನ್ಸತ್ತಮ್ಮ. ಅವತ್ತು ಅವರ ಕೈ ತುಂಬ ನಡುಗ್ತಿತ್ತು. ಬೇಕು ಅಂತ ಮಾಡಿದ್ದಲ್ಲ."

ಅವಳು ತಲೆ ಅಲ್ಲಾಡಿಸಿದಳು. ಸ್ವಲ್ಪ ಹೊತ್ತು ಅಕ್ಷರಗಳನ್ನೇ ನೋಡಿದಳು.

"ಬರ್ಕೊಂಡ್ಮೇಲೆ ಓದಿ ಹೇಳಿದ್ರಾ?"

"ಏನಮ್ಮ?"

"ನಾನು ಆ ಅಂಗಡೀಲಿ ಗುಂಡಿ ಹೊಲೀತಾ ಬೆಳೆದೋಳು. ಒಂದು ದಿಂಬಿನ ಚೀಲದ ಅಳತೆ ಆದ್ರೂ ಸರಿ, ಗಿರಾಕಿಗೆ ಓದಿ ಹೇಳದೆ ಅಪ್ಪ ಬುಕ್ಕು ಮುಚ್ಚಲ್ಲ. ಆ ಕಡೆಯೋರು ಸರಿ ಇದೆ ಅನ್ಬೇಕು. ನಿಮಗೆ ಓದಿ ಹೇಳಿದ್ರಾ, ಇಲ್ವಾ?"

ಇಲ್ಲ ಅಂದರೆ ಅವಳು ನಂಬುವುದಿಲ್ಲ. ಹೌದು ಅಂದರೆ ಇನ್ನೇನೂ ಉಳಿಯುವುದಿಲ್ಲ. ಕಾರಿಡಾರಿನ ಆ ತುದಿಯಲ್ಲಿ ಯಾರೋ ನೆಲ ಒರೆಸುತ್ತಿದ್ದರು. ಬಕೆಟ್ಟು ಎಳೆದ ಸದ್ದು ಕೇಳಿಸಿತು. ನಾನು ನನ್ನ ಚಪ್ಪಲಿ ನೋಡುತ್ತ ನಿಂತೆ. ಅವಳು ಕಾದಳು. ಬೈದಿದ್ದರೆ, ಪುಸ್ತಕವನ್ನು ಮುಖಕ್ಕೆ ಎಸೆದಿದ್ದರೆ ನನಗೆ ಸಲೀಸಾಗುತ್ತಿತ್ತು.

ಆಮೇಲೆ ಪುಸ್ತಕ ಮುಚ್ಚಿದ ಸದ್ದಾಯಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ನನ್ನನ್ನು ಬಳಸಿಕೊಂಡು ಹೋಗಿ, ಮೂರು ದಿನ ದಾಟದ ಆ ಹೊಸ್ತಿಲನ್ನು ದಾಟಿದಳು. ಬಾಗಿಲು ಪೂರ್ತಿ ಮುಚ್ಚಿಕೊಳ್ಳಲಿಲ್ಲ. ಒಳಗೆ ಮಂಚ ಕಿರುಗುಟ್ಟಿತು. ಟೈಲರ್ ಮಗುವಿನ ಹಾಗೆ ಬಿಕ್ಕಿದರು. ಅವಳೂ ಬಿಕ್ಕಿದಳು. ಬಹಳ ಹೊತ್ತಿನ ಮೇಲೆ ಅವರ ದನಿ ಕೇಳಿಸಿತು.

"ಗುರುಗಳು ಹೊರಗಿದಾರಾ ಮಗಳೇ? ಕೆಲಸ ಬಿಟ್ಟು ಬಂದಿದಾರೆ ಪಾಪ. ಒಂದು ಟೀ ಆದ್ರೂ ಕೊಡ್ಸಮ್ಮ."

"ಹೊರಗೆ ಯಾರೂ ಇಲ್ಲಪ್ಪ," ಅಂದಳು.